ಉಡಿ ತುಂಬಿಸಿಕೊಂಡ ಹಿನ್ನೀರು

ನಾನು ನಮ್ಮ ಆಯಿಯನ್ನು ವಾದದಲ್ಲಿ ಸೋಲಿಸಿ, ಆಮೇಲೆ ವಕೀಲಿ ಓದಲು ಬೆಳಗಾವಿಗೆ ಹೋದೆ ಎಂಬುದು ಬನಹಟ್ಟಿಯಲ್ಲಿ ಈಗ ಎಲ್ಲರೂ ಒಪ್ಪಿಕೊಂಡ ಸಂಗತಿ. ರಬಕವಿಯವರೂ ಒಪ್ಪಿದ್ದಾರೆ. ಬನಹಟ್ಟಿಯವರು ಹೇಳಿದ್ದನ್ನು ರಬಕವಿಯವರು ತಕರಾರಿಲ್ಲದೆ ಒಪ್ಪುವುದು ಅಪರೂಪವಾದ್ದರಿಂದ ಇದನ್ನು ಬಲವಾದ ಸಾಕ್ಷಿಯೆಂದೇ ಹಿಡಿಯಬೇಕು. ಜಮಖಂಡಿ ಮುಟ್ಟುವಷ್ಟರಲ್ಲಿ ಕತೆ ಇನ್ನಷ್ಟು ಮೈ ತುಂಬಿಕೊಂಡಿದೆ. ಅಲ್ಲಿಯ ಪಾಠದಲ್ಲಿ ನಾನು ನೀರಿನ ದಂಡೆಯ ಮೇಲೆ ಭೂಗೋಳದ ಪುಸ್ತಕ ಹಿಡಿದು ನಿಂತು ‘ಬಾ’ ಎಂದೆನಂತೆ, ಸಮುದ್ರ ಬಂದಿತಂತೆ, ಆಯಿ ಕೈಮುಗಿದು ‘ನಿನ್ನ ವಿದ್ಯಾನ ದೊಡ್ಡದವ್ವಾ’ ಎಂದಳಂತೆ. ಇದನ್ನೆಲ್ಲ ಹಬ್ಬಿಸಿದವನು ನಮ್ಮಪ್ಪ. ಸೀರೆ ಅಂಗಡಿಯಲ್ಲಿ ಗಿರಾಕಿಯ ಮುಂದೆ ಸೆರಗು ಬಿಚ್ಚುವ ಹೊತ್ತಿಗೆ ಸರಿಯಾಗಿ ಕತೆಯನ್ನೂ ಬಿಚ್ಚುತ್ತಾನೆ. ಕತೆ ಮುಗಿಯುವಾಗ, ಬಣ್ಣ ಬಿಡುತ್ತದೋ ಇಲ್ಲವೋ ಎಂದು ಕೇಳುವುದು ಗಿರಾಕಿಗೆ ಮರೆತೇ ಹೋಗಿರುತ್ತದೆ.

ತನ್ನನ್ನೇ ಹೊಗಳುವ ಕತೆಯನ್ನು ತಾನೇ ಅಲ್ಲಗಳೆಯುವವಳು ಒಂದೋ ಮೂರ್ಖಳು, ಇಲ್ಲವೇ ಇನ್ನೂ ಹೆಚ್ಚು ಹೊಗಳಿಕೆ ಬೇಕೆನ್ನುವವಳು. ನಾನು ಎರಡೂ ಅಲ್ಲ ಎಂದು ವಾದಿಸಬಲ್ಲೆ. ಎರಡೂ ಹೌದು ಎಂದೂ ವಾದಿಸಬಲ್ಲೆ. ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಕಲಿಸಿದ್ದೇ ಅದು. ಚೀಟಿ ಎತ್ತಿದ ಮೇಲೆ ಯಾವ ಪಕ್ಷ ಬರುತ್ತದೋ ಅದೇ ಸತ್ಯ. ‘ಹಳ್ಳಿಯ ಬಾಳು ಮೇಲು’ ಎಂದು ಮಧ್ಯಾಹ್ನ ಗೆದ್ದು, ‘ಪಟ್ಟಣದ ಬಾಳು ಮೇಲು’ ಎಂದು ಸಂಜೆಗೆ ಗೆದ್ದ ಹುಡುಗಿ ನಾನು. ಬಹುಮಾನವಾಗಿ ಬಂದ ಎರಡು ಬೆಳ್ಳಿ ಬಟ್ಟಲುಗಳು ಒಂದರ ಪಕ್ಕ ಒಂದು ನಮ್ಮ ಗೂಡಿನಲ್ಲಿ ಜಗಳವಾಡದೆ ಕುಳಿತಿವೆ. ದೇವರು, ದೆವ್ವ, ಹಲ್ಲಿಯ ಶಕುನ, ಮಾಮಲೇದಾರ ಸಾಹೇಬರ ಭಾಷಣ, ಯಾವುದನ್ನೂ ಪುರಾವೆಯಿಲ್ಲದೆ ನಂಬುವುದಿಲ್ಲ ಎಂಬುದು ನನ್ನ ವ್ರತ. ಆದರೆ ಆ ಕೂಟದಲ್ಲಿ ಕಲಿತ ಇನ್ನೊಂದು ಪಾಠವೂ ಇದೆ: ನಮ್ಮ ಪರವಾಗಿ ತೀರ ಚೆನ್ನಾಗಿ ಮಾತಾಡುವ ಸಾಕ್ಷಿಯನ್ನು ಮೊದಲು ಅನುಮಾನಿಸಬೇಕು. ಅದಕ್ಕೇ ಅಪ್ಪನ ಕತೆಯ ಮೇಲೆ ನನಗೆ ಅನುಮಾನ.

ಆಯಿ ಎಂದರೆ ಅಪ್ಪನ ತಾಯಿ. ಗಲಗಲಿಯ ಮಗಳು. ಕೃಷ್ಣಾ ಹೊಳೆಯ ದಂಡೆಯ ಮೇಲೆ ಹುಟ್ಟಿ, ಹೊಳೆಯನ್ನು ಹಿರಿಯಕ್ಕನಂತೆ ಕಂಡು ಬೆಳೆದವಳು. ಹೊಳೆ ಏರಿದರೆ ‘ಆಕಿ ಸಿಟ್ಟಿಗೆದ್ದಾಳ’, ಇಳಿದರೆ ‘ಸೊರಗ್ಯಾಳ’. ನಾನು ಬಿ.ಎ. ಮುಗಿಸಿ ಬಂದ ಬೇಸಿಗೆಯಲ್ಲಿ ನಮ್ಮ ಮನೆಯೊಳಗೆ ಎರಡು ಪಕ್ಷಗಳಾದವು. ನನ್ನದು ಬೆಳಗಾವಿ ಪಕ್ಷ. ವಕೀಲಿ ಓದಬೇಕು, ಕರಿ ಕೋಟು ಹಾಕಬೇಕು, ಹಣ ಕೊಟ್ಟಾದರೂ ಜನ ನನ್ನ ವಾದ ಕೇಳುವಂತಾಗಬೇಕು. ಆಯಿಯದು ಮುಧೋಳ ಪಕ್ಷ. ಮುಧೋಳದಿಂದ ಒಂದು ವರ ನನ್ನನ್ನು ನೋಡಿಹೋಗಿತ್ತು. ನಮ್ಮವರೂ ಅವರ ಮನೆ ನೋಡಿ ಬಂದಿದ್ದರು. ಅಲ್ಲಿ ಸಪೂರ ನಡುವಿನ ಬೇಟೆನಾಯಿಗಳನ್ನು ಸಾಕಿದ್ದಾರಂತೆ. ಅವ್ವ ವರದಿ ಒಪ್ಪಿಸಿದ ರೀತಿ ನೋಡಿದರೆ, ವರ, ನಾಯಿ ಇಬ್ಬರಲ್ಲಿ ನಾಯಿಯೇ ಹೆಚ್ಚು ಚುರುಕು ಎಂದು ನನಗನಿಸಿತು. ಅದನ್ನು ಬಾಯಿಬಿಟ್ಟು ಅಂದೆ ಕೂಡ.

“ನಾಯಿ ಚುರುಕಿದ್ರ ಒಳ್ಳೇದಾತು, ನೀ ಬೊಗಳೂದರಾಗ ಚುರುಕ ಅದಿ. ಜೋಡಿ ಆಕ್ಕೈತಿ,” ಎಂದಳು ಆಯಿ, ಶೇಂಗಾ ಸುಲಿಯುತ್ತಲೇ.

ಅಪ್ಪ ಎರಡೂ ಪಕ್ಷಕ್ಕೆ ತಲೆಯಾಡಿಸುವ ಅಧ್ಯಕ್ಷ. ಅವ್ವ ಅಧ್ಯಕ್ಷರ ಗಂಟೆ. ಅಪ್ಪ ಒತ್ತಿದಾಗ ಮಾತ್ರ ಬಾರಿಸುವವಳು, ಕೆಲವೊಮ್ಮೆ ತಾನೇ ಬಾರಿಸಿಕೊಳ್ಳುವವಳು. ಆದರೆ ಕೊನೆಯ ಮಾತು ಆಯಿಯದೇ. ಆಯಿ ‘ಹೂಂ’ ಅನ್ನದೆ ನಮ್ಮ ಮನೆಯಲ್ಲಿ ಬೆಕ್ಕು ಕೂಡ ಮರಿ ಹಾಕುವುದಿಲ್ಲ. ಮುಧೋಳಕ್ಕೆ ಮಾತು ಕೊಡಬೇಕಾದ ದಿನ ಹತ್ತಿರವಾಗುತ್ತಿತ್ತು. ಬೆಳಗಾವಿಯ ಪ್ರವೇಶವೂ ಆಗಲೇ. ಬಿಸಿಲು ಬೇರೆ. ಒಂದೇ ಪಡಸಾಲೆಯಲ್ಲಿ ನಾವಿಬ್ಬರೂ ಎದುರುಬದುರು ಕುಳಿತರೆ ಮಜ್ಜಿಗೆ ಕೂಡ ಕುದಿಯುತ್ತಿತ್ತು. ಆಗಲೇ ಅಪ್ಪನಿಗೆ ಸಮುದ್ರದ ನೆನಪಾದದ್ದು.

ಕುಮಟೆಯ ಆಚೆಯ ಒಬ್ಬ ತೆಂಗಿನಕಾಯಿ ವ್ಯಾಪಾರಿ ಅಪ್ಪನ ಗೆಳೆಯ. ಕಾಯಿ ಇಳಿಸಲು ನಮ್ಮ ಕಡೆ ಬಂದಾಗಲೆಲ್ಲ, ಹಿನ್ನೀರಿನ ದಂಡೆಯ ಮೇಲೆ ತನ್ನದೊಂದು ಖಾಲಿ ಮನೆಯಿದೆ, ಕುಟುಂಬ ಸಮೇತ ಬಂದು ಇದ್ದು ಹೋಗಿ ಎಂದು ಕರೆಯುತ್ತಿದ್ದ. ‘ಸಂಸ್ಥಾನದ ಕಾಲ ಹೋಯಿತು ಸಾವಕಾರ್ರೇ, ಈಗ ನಾವೂ ನೀವೂ ಒಂದೇ ಮುಂಬಯಿ ಸರಕಾರದವರು’ ಎಂಬ ಅವನ ಮಾತನ್ನು ಅಪ್ಪ ಕಾಯಿದೆಯ ರೀತಿ ತಿಳಿದುಕೊಂಡ. ಸರಕಾರ ಒಂದೇ ಆದಮೇಲೆ ಸಮುದ್ರವೂ ನಮ್ಮದೇ, ಹೋಗಿ ನೋಡಿ ಬರದಿದ್ದರೆ ಹೇಗೆ? “ತಂಪಿನ್ಯಾಗ ಕುಂತ ತೀರ್ಮಾನ ಮಾಡೋಣು. ಇಲ್ಲಿ ಬಿಸಲಾಗ ಮಾಡಿದ್ದು ನಿರ್ಧಾರ ಅಲ್ಲ, ಬರೇ ಬೆವರು,” ಎಂದ. ಹೀಗೆ ನನ್ನ ಭವಿಷ್ಯ, ಒಂದು ಚೀಲ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಹಾಸಿಗೆ ಸುರುಳಿ, ಆಯಿಯ ವಿಭೂತಿಯ ಡಬ್ಬಿ ಎಲ್ಲವೂ ಕುಡಚಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಇಳಿದು, ಘಟ್ಟದ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಕರಾವಳಿ ಸೇರಿದವು. ವಾಂತಿ ಮಾಡಿದವಳು ನಾನೊಬ್ಬಳೇ ಎಂದು ಅಪ್ಪನ ಕತೆಯಲ್ಲಿ ಬರುವುದಿಲ್ಲ.

ಮನೆ ಚೆನ್ನಾಗಿತ್ತು. ಕೆಂಪು ಹಂಚು, ಉದ್ದನೆಯ ಜಗಲಿ, ಅಂಗಳದಲ್ಲಿ ಸಿಹಿನೀರಿನ ಬಾವಿ. ಅಂಗಳ ಮುಗಿದಲ್ಲಿ ಕೆಲವು ಕಲ್ಲಿನ ಮೆಟ್ಟಿಲು, ಮೆಟ್ಟಿಲ ಕೆಳಗೆ ಮಳಲು, ಮಳಲಿನಾಚೆ ಹಿನ್ನೀರು. ಅದು ಎಷ್ಟು ಸುಮ್ಮನೆ ಬಿದ್ದಿತ್ತೆಂದರೆ ಯಾರೋ ಹಸಿರು ಸೀರೆಯನ್ನು ಒಗೆದು ಹರವಿ ಮರೆತುಹೋದಂತಿತ್ತು. ಅದರಾಚೆ ಮಳಲಿನ ದಿಬ್ಬ, ದಿಬ್ಬದಾಚೆ ನಿಜವಾದ ಸಮುದ್ರದ ಗೊಣಗಾಟ. ಮೀನಿನ ವಾಸನೆ ಮಾತ್ರ ಇಡೀ ಕುಟುಂಬವನ್ನು ಒಂದೇ ಪಕ್ಷಕ್ಕೆ ತಂದಿತು. ಅಪ್ಪ ಎರಡು ದಿನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಓಡಾಡಿದ. ಬಂದ ಮರುದಿನವೇ ಆತ ಕೃಷ್ಣೆಯ ದಂಡೆಯ ವಿದ್ಯೆ ತೋರಿಸಲು ಹೊರಟ. ನಮ್ಮ ಕಡೆ ಬೇಸಿಗೆಯಲ್ಲಿ ಹೊಳೆಯ ಮಳಲಿನಲ್ಲಿ ಗುಂಡಿ ತೋಡಿದರೆ ಸಾಕು, ಅದೇ ವರತಿ, ತಿಳಿಯಾದ ಸಿಹಿನೀರು ಜಿನುಗುತ್ತದೆ. ಅಪ್ಪ ಧೋತರ ಎತ್ತಿ ಕಟ್ಟಿ ತೋಡಿದ, ಬೊಗಸೆಯಲ್ಲಿ ಕುಡಿದ, ಉಗಿದ. ಆಚೆ ತೋಡಿದ, ಕುಡಿದ, ಉಗಿದ. ಕೊನೆಗೆ ಬೆನ್ನು ಹಿಡಿದುಕೊಂಡು, “ಈ ಮಂದಿ ಮಳಲಿಗೂ ಉಪ್ಪಿನಕಾಯಿ ಹಾಕ್ಯಾರ,” ಎಂದು ತೀರ್ಪು ಕೊಟ್ಟ. ಬಾವಿ ಅಂಗಳದಲ್ಲೇ ಇತ್ತಲ್ಲ ಎಂದು ನಾನು ಕೇಳಿದೆ. ಬಾವಿಯ ಮಾತು ಬೇರೆ, ವರತಿಯ ಮಾತು ಬೇರೆಯಂತೆ.

ನಾನು ಜಗಲಿಯ ಕಂಬಕ್ಕೆ ಒರಗಿ ಓದುತ್ತ, ಆಯಿಯ ವಿರುದ್ಧ ವಾದಗಳನ್ನು ಹೊಂದಿಸುತ್ತ ದಿನ ಕಳೆದೆ. ನಿಸರ್ಗ ಸೌಂದರ್ಯಕ್ಕೆ ಬೆನ್ನು ಹಾಕಿ ಕುಳಿತರೇನೇ ನನಗೆ ಬುದ್ಧಿ ಓಡುವುದು. ಆಯಿ ಬೆಳಗಾದರೆ ನೀರಿನ ದಂಡೆಗೆ ಹೋಗಿ ತೆಂಗಿನ ಬುಡದಲ್ಲಿ ಕುಳಿತುಬಿಡುತ್ತಿದ್ದಳು. ಊಟಕ್ಕೆ ಕರೆದರೆ ಬರುವಳು. ತಿಂದು ಮತ್ತೆ ಅಲ್ಲಿಗೇ. ಮುಧೋಳದ ಮಾತನ್ನೂ ಎತ್ತಲಿಲ್ಲ, ಬೆಳಗಾವಿಯದನ್ನೂ ಎತ್ತಲಿಲ್ಲ. ಎದುರಾಳಿ ಸುಮ್ಮನಾದಾಗ ಆಕೆಯ ಅಂಕ ಹೋಯಿತೆಂದು ನಮ್ಮ ಕೂಟದ ನಿಯಮ. ನಾನು ಒಳಗೊಳಗೇ ಬಟ್ಟಲು ಗೆದ್ದುಕೊಳ್ಳುತ್ತಿದ್ದೆ.

ಅಮಾವಾಸ್ಯೆಯ ದಿನ ಅನಾಹುತವಾಯಿತು. ಊಟದ ಹೊತ್ತಾಗಿರಲಿಲ್ಲ. ಅಂಗಳದ ಅಂಚಿಗೆ ಕೈ ತೊಳೆಯಲು ಹೋದ ಅಪ್ಪ ಓಡಿ ಬಂದ. “ಹೊಳಿ ಬಂತೋ! ಹೊಳಿ ಬಂತು!” ಗಲಗಲಿಯಲ್ಲಿ ಮಹಾಪೂರ ಬಂದಾಗ ಕೂಗುವ ಕೂಗು ಅದು. ನಾವು ಹೊರಗೆ ಬಂದು ನೋಡಿದರೆ ಮಳಲು ಇಲ್ಲ. ಮೆಟ್ಟಿಲ ಬುಡದಲ್ಲಿ ಅಪ್ಪ ತೋಡಿದ ವರತಿಗಳಿಲ್ಲ. ಕೆಳಗಿನ ಮೆಟ್ಟಿಲುಗಳಿಲ್ಲ. ಅಷ್ಟು ದಿನ ಸುಮ್ಮನೆ ಬಿದ್ದಿದ್ದ ಹಿನ್ನೀರು ಯಾವ ಸದ್ದೂ ಇಲ್ಲದೆ ಮೇಲಿನ ಮೆಟ್ಟಿಲಿಗೆ ಬಂದು ಅಂಗಳವನ್ನು ಇಣುಕುತ್ತಿತ್ತು. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಅಪ್ಪ ಮಾತ್ರ ನೆರೆ ಬಂದರೆ ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದ. ಹಾಸಿಗೆ ಸುರುಳಿ ಅಟ್ಟಕ್ಕೆ, ರೊಟ್ಟಿಯ ಚೀಲ ಅಟ್ಟಕ್ಕೆ. ಅವ್ವನನ್ನೂ ಅಟ್ಟಕ್ಕೆ ಹತ್ತಿಸಲು ನೋಡಿದ. ಅವ್ವ ಏಣಿಯ ಅರ್ಧದಲ್ಲಿ ನಿಂತು, “ಒಲಿ ಮ್ಯಾಲ ಅನ್ನ ಐತಿ, ಅದು ಸೀದ್ರ ಯಾರು ತಿಂತಾರ? ನಿಮ್ಮ ಹೊಳಿ ತಿಂತೈತೇನು?” ಎಂದು ಕೇಳುತ್ತಿದ್ದಳು.

ನನಗೆ ಗೊತ್ತಿತ್ತು. ಇದು ನೆರೆಯಲ್ಲ, ಉಬ್ಬರ. ಹೈಸ್ಕೂಲಿನ ಭೂಗೋಳದಲ್ಲಿ ಒಂದು ಪುಟ, ಜೊತೆಗೆ ಒಂದು ಚಿತ್ರ. ಅದರಲ್ಲಿ ಭೂಮಿ ಎರಡೂ ಕಡೆ ಉಬ್ಬಿದ ಬೇಸನ್ ಉಂಡಿಯಂತಿತ್ತು. ‘ಯಾರೂ ಅಂಜಬೇಕಾಗಿಲ್ಲ, ತಾನಾಗಿಯೇ ಇಳಿಯುತ್ತದೆ’ ಎಂದು ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಆಯಿ ಬಂದಳು. ಹಣೆಗೆ ವಿಭೂತಿ, ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಅರಿಷಿಣ ಕೊಂಬು, ಕುಂಕುಮ, ಉತ್ತತ್ತಿ, ಬಳೆ, ತೆಂಗಿನಕಾಯಿ, ಕುಪ್ಪಸಕ್ಕೆಂದು ಗುಳೇದಗುಡ್ಡದ ಹೊಸ ಖಣ. ಏರಿ ಬಂದ ಹೊಳೆಗೆ ಗಲಗಲಿಯ ಹೆಣ್ಣುಮಕ್ಕಳು ಉಡಿ ತುಂಬುತ್ತಾರೆ. ಮನೆಗೆ ಬಂದ ಮಗಳನ್ನು ಬರಿಗೈಲಿ ಕಳಿಸಬಾರದಲ್ಲ, ಹಾಗೆ. ಉಡಿ ತುಂಬಿಸಿಕೊಂಡ ಹೊಳೆ ಮರ್ಯಾದೆಯಿಂದ ಹಿಂದೆ ಸರಿಯುತ್ತಾಳೆ ಎಂದು ಅವರ ಲೆಕ್ಕ. ಆಯಿ ಮೆಟ್ಟಿಲಲ್ಲಿ ಕುಳಿತು ಒಂದೊಂದನ್ನೇ ನೀರಿಗೆ ಬಿಟ್ಟಳು. “ಆತವ್ವಾ, ಬಂದಿ, ನೋಡಿದಿ, ಉಂಡಿ. ಇನ್ನ ನಿನ್ನ ಮನಿಗೆ ನಡಿ,” ಎಂದಳು. ನೀರು ಸ್ವಲ್ಪ ಹೊತ್ತು ಅಲ್ಲೇ ನಿಂತು ಯೋಚಿಸಿತು. ಆಮೇಲೆ, ನಮ್ಮ ಕಣ್ಣೆದುರಿಗೇ, ಖಣವನ್ನು ಎಳೆದುಕೊಂಡು ಇಳಿಯತೊಡಗಿತು.

ಅಪ್ಪ ಜಗಲಿಯ ಮೇಲೇ ಆಯಿಗೆ ಅಡ್ಡಬಿದ್ದ. ಆಯಿ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಚರ್ಚಾಕೂಟಗಳಲ್ಲಿ ಎಷ್ಟೋ ಸಲ ಬೀರಿದ್ದೇನೆ. ಬೀರಿಸಿಕೊಂಡದ್ದು ಅದೇ ಮೊದಲು.

“ಆಯಿ, ಇದು ನೀ ಕಳಿಸಿದ್ದಲ್ಲ. ಚಂದ್ರ ಎಳೀತಾನ, ನೀರು ಏರತೈತಿ. ಬಿಡತಾನ, ಇಳೀತೈತಿ,” ಎಂದೆ.

“ಯಾವ ಚಂದ್ರ?”

“ಮ್ಯಾಲಿನ ಚಂದ್ರ.”

“ಇವತ್ತ ಅಮಾಸಿ. ಇರಲಾರದಾಂವ ಹೆಂಗ ಎಳದಾನಬೇ?”

ಅಟ್ಟದ ಏಣಿಯಿಂದ ಅವ್ವ ನಕ್ಕಳು. ಅಧ್ಯಕ್ಷರೂ ನಕ್ಕರು. ಅಮಾವಾಸ್ಯೆಯಂದು ಚಂದ್ರ ಇರುತ್ತಾನೆ, ಕಾಣುವುದಿಲ್ಲ ಅಷ್ಟೇ ಎಂದು ನಾನು ಹೇಳಿದ್ದು ಆ ನಗೆಯಲ್ಲಿ ಮುಳುಗಿಹೋಯಿತು. ಕಾಣದವನನ್ನು ನಂಬು ಎಂದು ನಾನು ಆಯಿಗೆ ಹೇಳುತ್ತಿದ್ದೇನೆ ಎಂಬುದು ನನಗೇ ಹೊಳೆಯಿತು. ಆಗ ಚರ್ಚಾಕೂಟದ ಕೊನೆಯ ಅಸ್ತ್ರ ತೆಗೆದೆ: ಎದುರಾಳಿಯ ಮಾತನ್ನು ಒಪ್ಪಿಕೊಂಡು, ಅದರಿಂದಲೇ ಅವಳನ್ನು ಕೆಡವುವುದು.

“ಆತು, ನೀನ ಕಳಿಸಿದಿ ಅನ್ನು. ಹಂಗಾದ್ರ ನಾಳೆ ಆಕಿ ಬರಬಾರದು. ಹೌದಲ್ಲೋ?”

“ಉಡಿ ತುಂಬಿ ಕಳಿಸೇನಿ. ನಾಳೆ ಯಾಕ ಬರತಾಳ?”

“ಬಂದ್ರ?”

ಆಯಿ ಮೊರವನ್ನು ಕೊಡವಿ ಗೋಡೆಗೆ ಒರಗಿಸಿದಳು. “ಬಂದ್ರ ನೀ ಬೆಳಗಾವಿಗೆ ಹೋಗು. ಬರದಿದ್ರ ಮುಧೋಳ. ನೀರಿನ ಮುಂದ ಕೊಟ್ಟ ಮಾತಿದು. ಆಮ್ಯಾಲ ತಕರಾರ ಮಾಡಬಾರದು ಮತ್ತ.”

“ನಾ ಯಾಕ ಮಾಡಲಿ? ನೀ ಮಾಡಬಾರದು,” ಎಂದೆ. ಅಪ್ಪ ಸಾಕ್ಷಿಯಾದ. ಗೆದ್ದೇಬಿಟ್ಟೆ ಎಂದುಕೊಂಡೆ.

ಮರುದಿನ ಬೆಳಗಾಗುವಷ್ಟರಲ್ಲಿ ಆ ಧೈರ್ಯವೆಲ್ಲ ಉಬ್ಬರದ ನೀರಿನ ಹಾಗೇ ಇಳಿದಿತ್ತು. ನನ್ನ ಜನ್ಮವನ್ನು ನಾನು ಪಣಕ್ಕಿಟ್ಟದ್ದು ಯಾವುದರ ಮೇಲೆ? ಭೂಗೋಳದ ಒಂದು ಪುಟದ ಮೇಲೆ, ಒಂದು ಬೇಸನ್ ಉಂಡಿಯ ಮೇಲೆ. ನೀರು ದಿನವೂ ಬರುತ್ತದೆಂದು ಆ ಪುಟ ಹೇಳುತ್ತಿತ್ತು, ನಿಜ; ಆದರೆ ನಾವು ಬಂದು ಇಷ್ಟು ದಿನವಾದರೂ ಮೆಟ್ಟಿಲಿಗೆ ಬಂದದ್ದು ನಿನ್ನೆ ಒಂದೇ ದಿನ. ಇವತ್ತು ಮತ್ತೆ ಮೆಟ್ಟಿಲವರೆಗೆ ಬರಲೇಬೇಕೆಂದು ಚಿತ್ರದಲ್ಲಿ ಎಲ್ಲಿತ್ತು? ಅದನ್ನು ಬರೆದವನು ಸಮುದ್ರ ಕಂಡಿದ್ದನೇ? ನಮ್ಮ ಮಾಸ್ತರರು ಕಂಡಿದ್ದರೇ? ಅವರು ಜಮಖಂಡಿ ತಾಲೂಕು ಬಿಟ್ಟು ಹೊರಬಂದದ್ದೇ ಮದುವೆಗೆ. ಅಂಥವರ ಮಾತನ್ನು ಪುರಾವೆಯಿಲ್ಲದೆ ನಂಬಿ ನಾನು ಮುಧೋಳದ ನಾಯಿಗಳ ನಡುವೆ ಬಾಳುವೆ ಮಾಡಬೇಕೇ? ರಾತ್ರಿ ನಾವೆಲ್ಲ ಗೊರಕೆ ಹೊಡೆಯುವಾಗ ನೀರು ಇನ್ನೊಮ್ಮೆ ಬಂದು ಹೋಗಿರಲೇಬೇಕು ಎಂದು ಈಗ ಗೊತ್ತು. ಆಗ ಎದ್ದು ಹೋಗಿ ನೋಡುವ ಬುದ್ಧಿ ಇರಲಿಲ್ಲ. ಸಾಕ್ಷಿ ಬಾಗಿಲಿಗೆ ಬಂದಾಗ ವಕೀಲೆ ನಿದ್ದೆ ಮಾಡಿದ್ದಳು.

ಆ ದಿನ ನಾನು ಮೆಟ್ಟಿಲ ಮೇಲೆ ನಿಂತೆ. ನೀರು ದೂರದಲ್ಲಿ ಹಸಿರು ಸೀರೆಯಾಗಿ ಬಿದ್ದಿತ್ತು. ಅಪ್ಪ ಗಡಿಯಾರ ಹಿಡಿದು ಜಗಲಿಯಲ್ಲಿ ಕುಳಿತಿದ್ದ. “ನಿನ್ನೆ ಇಷ್ಟೊತ್ತಿಗೆ ಮೆಟ್ಟಲಾ ಮುಟ್ಟಿತ್ತು,” ಎಂದ. ಇನ್ನೂ ಸ್ವಲ್ಪ ಹೊತ್ತಾಯಿತು. “ನಿನ್ನೆ ಇಷ್ಟೊತ್ತಿಗೆ ನಿಮ್ಮವ್ವನ್ನ ಏಣಿ ಹತ್ತಿಸಿದ್ದೆ,” ಎಂದ. ಸಮುದ್ರ ದಿನದಿಂದ ದಿನಕ್ಕೆ ತಡವಾಗಿ ಬರುತ್ತದೆಂದು ಆ ಪುಟದಲ್ಲಿ ಇದ್ದಿರಬಹುದು. ನಾನು ಚಿತ್ರ ನೋಡಿ ಪುಟ ಮಗುಚಿದವಳು. ದೇವರು ದೆವ್ವ ಯಾವುದನ್ನೂ ನಂಬದ ನಾನು ಅಪ್ಪನ ಕಣ್ಣು ಗಡಿಯಾರದ ಮೇಲಿದೆ, ಸುತ್ತ ಬೇರೆ ಯಾರೂ ನೋಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ನಿನ್ನೆ ಮೆಟ್ಟಿಲ ಸಂದಿಯಲ್ಲಿ ಬಿದ್ದಿದ್ದ ಒಂದು ಚಿಟಿಕೆ ಕುಂಕುಮವನ್ನು ಕೆರೆದು ಮಳಲಿಗೆ ಹಾಕಿ, “ಬಾರವ್ವಾ,” ಎಂದೆ. ಪ್ರಯೋಗವೆಂದು ಕರೆಯಬಹುದು. ಆಗ ಹಾಗೆ ಕರೆಯುವಷ್ಟು ಉಸಿರಿರಲಿಲ್ಲ.

ಹಿಂದೆ ಆಯಿ ನಿಂತಿದ್ದಳು. ಕಂಡಳೋ ಇಲ್ಲವೋ ತಿಳಿಯದು. “ಯಾಕ ಅಳು ಮಾರಿ ಮಾಡೀದಿ? ಬರತಾಳ ತಡಿ. ಅನ್ನ ಬಾಗಿಸೂದ್ರಾಗ ಬರತಾಳ,” ಎಂದಳು.

ಅವ್ವ ಅನ್ನ ಬಾಗಿಸಿ ಗಂಜಿ ಬಸಿದಳು. ನೀರು ಬಂದಿತು. ಮಳಲು ನುಂಗಿತು, ಮೆಟ್ಟಿಲು ನುಂಗಿತು, ನಿನ್ನೆಗಿಂತ ಒಂದು ಬೆರಳು ಮೇಲೇ ಬಂದು ನನ್ನ ಪಾದ ಮುಟ್ಟಿತು. ನಾನು ಕುಣಿದೆ. ಅಪ್ಪ ಗಡಿಯಾರ ಕಿಸೆಗಿಟ್ಟು ಚಪ್ಪಾಳೆ ತಟ್ಟಿದ. “ಸೋತಿಯಲ್ಲವ್ವಾ, ನಿನ್ನ ಮೊಮ್ಮಗಳ ವಿದ್ಯಾ ಗೆದ್ದಿತು!” ಎಂದು ಆಯಿಗೆ ಕೂಗಿ ಹೇಳಿದ. ಬನಹಟ್ಟಿಯ ಕತೆ ಹುಟ್ಟಿದ ಕ್ಷಣ ಅದೇ.

ಆಯಿ ಮಾತ್ರ ಸೋತವಳಂತೆ ಕಾಣಲಿಲ್ಲ. ಮೆಟ್ಟಿಲಿಗೆ ಬಂದು, ಬಗ್ಗಿ, ನೀರನ್ನು ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಛಲೋ ಉಡಿ ತುಂಬಿದ್ರ ಮಗಳು ಮತ್ತ ತವರಿಗೆ ಬರತಾಳ. ಇದರಾಗೇನ ಸೋಲು?” ಎಂದಳು. ಅಲ್ಲಿಗೆ ನನ್ನ ವಾದದ ತಲೆಯನ್ನೇ ತಿರುಗಿಸಿ ಇಟ್ಟಂತಾಯಿತು. ನಿನ್ನೆ ಹೋದದ್ದೂ ಉಡಿಯಿಂದ, ಇವತ್ತು ಬಂದದ್ದೂ ಉಡಿಯಿಂದ! ಇದು ಅನ್ಯಾಯ, ಎರಡೂ ಪಕ್ಷವನ್ನು ಒಬ್ಬರೇ ಹಿಡಿಯಬಾರದು ಎಂದು ಬಾಯಿ ತೆಗೆದೆ. ಗೂಡಿನ ಬೆಳ್ಳಿ ಬಟ್ಟಲುಗಳು ನೆನಪಾಗಿ ಮುಚ್ಚಿದೆ.

“ಬೆಳಗಾವಿಗೆ ಹೋಗಿ ಬಾ,” ಎಂದಳು ಆಯಿ, ನೀರನ್ನೇ ನೋಡುತ್ತ. “ಹೋದಾಕಿ ತಿರುಗಿ ಬರತಾಳ ಅಂತ ಗೊತ್ತಿದ್ರ ಕಳಸಾಕ ಏನ ಅಂಜಿಕಿ? ಸೂಟಿ ಬಿಟ್ಟ ದಿನಾನ ಬರಬೇಕು. ಈಕಿಗಿಂತ ತಡಾ ಮಾಡಬಾರದು.”

ಅಷ್ಟು ದಿನ ನಾನು ಕರಿ ಕೋಟಿನ ಬಗ್ಗೆ, ಹೆಣ್ಣಿನ ಹಕ್ಕಿನ ಬಗ್ಗೆ, ಹೊಸ ಕಾಲದ ಬಗ್ಗೆ ಹೊಂದಿಸಿಟ್ಟ ವಾದಗಳಲ್ಲಿ ಒಂದೂ ಈ ಅಂಜಿಕೆಗೆ ಉತ್ತರವಾಗಿರಲಿಲ್ಲ. ಎದುರಾಳಿಯ ನಿಜವಾದ ವಾದ ಯಾವುದೆಂದು ತಿಳಿಯದೆಯೇ ನಾನು ಗೆದ್ದಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಅಪ್ಪನ ಕತೆಯನ್ನು ಅಲ್ಲಿಲ್ಲಿ ತಿದ್ದಿ ಸುಮ್ಮನಾಗುತ್ತಿದ್ದೆ. ಈ ದೀಪಾವಳಿಯ ಸೂಟಿಯಲ್ಲಿ ಅವ್ವನ ಪಕ್ಕ ಕುಳಿತು ರೊಟ್ಟಿ ತಟ್ಟುತ್ತಿದ್ದಾಗ (ನಾನು ತಟ್ಟಿದ್ದು ಭೂಪಟಗಳನ್ನು) ಆ ಮನೆಯ ಮಾತು ಬಂತು. ಅವ್ವ ಸಹಜವಾಗಿ ಅಂದಳು: “ಆ ಊರಾಗ ಅರಿವಿ ಒಣಾ ಹಾಕೂದ ಒಂದ ಪಜೀತಿ ನೋಡು. ಮಳಲ ಮ್ಯಾಲ ಹರವಿದ್ರ ನನ್ನ ಸೀರಿ ದಿನಾ ತೋಯತಿತ್ತು. ನಿಮ್ಮ ಆಯೀದು ಒಂದಿನಾನೂ ತೋಯಲಿಲ್ಲ. ನೀರ ಬರೂಕಿಂತ ಮೊದಲ ಎದ್ದು, ತಗೊಂಡು, ಮಡಚಿ ಇಟ್ಟಬಿಡತಿದ್ರು.”

ನನ್ನ ಕೈಯಲ್ಲಿದ್ದ ಭೂಪಟ ಹರಿಯಿತು. ದಿನಾ? ಅಮಾವಾಸ್ಯೆಗೆ ಮೊದಲೇ? ಮೆಟ್ಟಿಲವರೆಗೆ ಬರದಿದ್ದರೂ ನೀರು ಮಳಲಿನ ಮೇಲೆ ದಿನವೂ ಬಂದು ಹೋಗುತ್ತಿತ್ತು. ಅದನ್ನು ಕಾಣದವಳು ನೀರಿಗೆ ಬೆನ್ನು ಹಾಕಿ ಕುಳಿತ ನಾನೊಬ್ಬಳೇ! ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಹೋದೆ. ಆಯಿ ಗೋಡೆಗೆ ಒರಗಿ ಬತ್ತಿ ಹೊಸೆಯುತ್ತಿದ್ದಳು. “ಏನವ್ವಾ ವಕೀಲೀ, ರೊಟ್ಟಿ ಬಿಟ್ಟು ಕೋರ್ಟಿಗೆ ಹೊಂಟಿ?” ಎಂದಳು. ಈಗ ಎರಡನೆಯ ವರ್ಷದಲ್ಲಿದ್ದೇನೆ, ಪಾಟೀಸವಾಲು ಮಾಡುವುದನ್ನು ಕಲಿಸಿದ್ದಾರೆ. ಎದುರು ಕುಳಿತೆ. ಅವಳ ಕಣ್ಣಲ್ಲಿ ಕಣ್ಣಿಟ್ಟು ಕೇಳಿದೆ:

“ಆಯಿ, ಖರೆ ಹೇಳು. ಆವತ್ತ ಪಂತ ಕಟ್ಟೂ ಮುಂದನ ನಿನಗ ಗೊತ್ತಿತ್ತೇನು, ಮರುದಿನ ನೀರು ಬರತೈತಿ ಅಂತ?”

“ನೀರು ಬರೂದು ಗೊತ್ತಿತ್ತು; ನೀ ತಿರುಗಿ ಬರತಿಯೋ ಇಲ್ಲೋ, ಅದೊಂದ ಗೊತ್ತಿರಲಿಲ್ಲ,” ಎಂದಳು ಆಯಿ, ಬತ್ತಿ ಹೊಸೆಯುತ್ತಲೇ.